ಮದ್ಯವಿಲ್ಲದೆ ಬದುಕಲು ಬಯಸುವ ಮಹಿಳೆ ಎಲ್ಲಿಂದ ಆರಂಭಿಸಬೇಕು

ತನ್ನ ಕುಡಿತದ ಬಗ್ಗೆ ಅನುಮಾನ ಮೂಡಿದ ಮಹಿಳೆ ಸಾಮಾನ್ಯವಾಗಿ ಮೊದಲು ಕೇಳಿಕೊಳ್ಳುವುದು ‘ನಾನು ವ್ಯಸನಿಯೇ?’ ಎಂದು. ಹೌದು ಎನ್ನಲು ಭಯ. ಅಲ್ಲ ಎಂದುಕೊಂಡರೆ ಎಲ್ಲವೂ ಸರಿಯಿದೆ ಎಂಬ ಸಮಾಧಾನ. ಈ ತೂಗಾಟದಲ್ಲೇ ವರ್ಷಗಳು ಕಳೆದುಹೋಗುತ್ತವೆ. ಕುಡಿಯುವ ಹೆಣ್ಣಿನ ಬಗ್ಗೆ ಸುತ್ತಲಿನವರ ತೀರ್ಪು ಹೆಚ್ಚು ಕಠಿಣವಾಗಿರುವುದರಿಂದ ಅನೇಕರು ಈ ಅನುಮಾನವನ್ನು ವೈದ್ಯರ ಎದುರಿನಲ್ಲೂ ಬಾಯಿಬಿಡುವುದಿಲ್ಲ. ಆದರೆ ಕುಡಿತ ಬಿಡಲು ಯಾವ ಹಣೆಪಟ್ಟಿಯೂ ಬೇಕಾಗಿಲ್ಲ. ಮದ್ಯ ನನ್ನಿಂದ ಏನನ್ನು ಕಸಿದುಕೊಳ್ಳುತ್ತಿದೆ, ಅದರಿಂದ ನಾನು ಯಾವ ಕೆಲಸ ಮಾಡಿಸಿಕೊಳ್ಳುತ್ತಿದ್ದೇನೆ ಎಂಬ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ನಿರ್ಧಾರಕ್ಕೆ ಅಷ್ಟೇ ಸಾಕು.

ಆ ಉತ್ತರಕ್ಕಾಗಿ ಎರಡು ವಾರ, ಅಭ್ಯಾಸವನ್ನು ಬದಲಾಯಿಸದೆ, ಕುಡಿದದ್ದನ್ನೆಲ್ಲ ಬರೆದಿಡಿ. ಎಷ್ಟು ಲೋಟ ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಮನೆಯಲ್ಲಿ ಸುರಿದುಕೊಳ್ಳುವ ಲೋಟಕ್ಕೆ ನಿಶ್ಚಿತ ಅಳತೆಯಿಲ್ಲ. ಪಾನೀಯದ ಮಿಲಿಲೀಟರ್ ಪ್ರಮಾಣವನ್ನು ಬಾಟಲಿಯ ಮೇಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದುದನ್ನು 0.79ರಿಂದ ಗುಣಿಸಿದರೆ ಶುದ್ಧ ಮದ್ಯಸಾರ ಎಷ್ಟು ಗ್ರಾಂ ಎಂಬುದು ತಿಳಿಯುತ್ತದೆ. ಶೇ 12ರ ವೈನ್ 150 ಮಿ.ಲೀ. ಕುಡಿದರೆ ಸುಮಾರು 14 ಗ್ರಾಂ, ಶೇ 5ರ ಬಿಯರ್ 330 ಮಿ.ಲೀ. ಕುಡಿದರೆ ಸುಮಾರು 13 ಗ್ರಾಂ, 750 ಮಿ.ಲೀ. ವೈನ್ ಬಾಟಲಿ ಪೂರ್ತಿ ಮುಗಿದರೆ ಸುಮಾರು 71 ಗ್ರಾಂ. ಪ್ರತಿ ಸಲವೂ ಸಮಯ, ಜೊತೆಯಲ್ಲಿದ್ದವರು, ಕುಡಿಯುವ ಮುನ್ನ ಮನಸ್ಸಿನಲ್ಲಿದ್ದುದು, ಮರುದಿನದ ಬೆಳಗು ಹೇಗಿತ್ತು ಎಂಬುದನ್ನೂ ಬರೆಯಿರಿ. ಬಾಟಲಿ ಬಚ್ಚಿಟ್ಟದ್ದನ್ನು, ಕುಡಿದ ಪ್ರಮಾಣವನ್ನು ಮನೆಯವರಿಗೆ ಕಡಿಮೆ ಮಾಡಿ ಹೇಳಿದ್ದನ್ನು ಬಿಡಬೇಡಿ. ಗ್ರಾಂಗಳಿಗಿಂತ ಇವೇ ಹೆಚ್ಚು ತಿಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ 10 ಪ್ರಶ್ನೆಗಳ ಪಟ್ಟಿಯನ್ನೂ ತುಂಬಿ ನೋಡಬಹುದು. ಅದರಲ್ಲಿ 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಎಂದು ಭಾವಿಸಲಾಗುತ್ತದೆ. ಮಹಿಳೆಯರು 7 ಅಂಕವನ್ನೇ ಎಚ್ಚರಿಕೆಯೆಂದು ಪರಿಗಣಿಸುವುದು ಒಳ್ಳೆಯದು.

ಇದಕ್ಕೆ ದೈಹಿಕ ಕಾರಣವಿದೆ. ಹೆಣ್ಣಿನ ದೇಹದಲ್ಲಿ ನೀರಿನಂಶದ ಪಾಲು ಗಂಡಿಗಿಂತ ಕಡಿಮೆ ಇರುವುದರಿಂದ, ಒಂದೇ ತೂಕದ ಇಬ್ಬರು ಒಂದೇ ಪ್ರಮಾಣದಲ್ಲಿ ಕುಡಿದರೂ ಆಕೆಯ ರಕ್ತದಲ್ಲಿ ಮದ್ಯದ ಸಾಂದ್ರತೆ ಹೆಚ್ಚಾಗಿರುತ್ತದೆ, ಮತ್ತು ಯಕೃತ್ತಿನ ಹಾನಿ ಕಡಿಮೆ ಪ್ರಮಾಣದ ಕುಡಿತದಿಂದಲೂ ಬೇಗನೆ ಆರಂಭವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ. ದಿನಕ್ಕೊಂದು ಲೋಟದಷ್ಟು ಕುಡಿತವೂ ಸ್ತನ ಕ್ಯಾನ್ಸರಿನ ಅಪಾಯವನ್ನು ಸ್ವಲ್ಪ ಮಟ್ಟಿಗೆ ಹೆಚ್ಚಿಸುತ್ತದೆ. ಗರ್ಭಿಣಿಗೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ.

ಬಿಡುವ ನಿರ್ಧಾರವಾದ ಕೂಡಲೇ ಮನೆಯಲ್ಲಿರುವ ಮದ್ಯವನ್ನೆಲ್ಲ ಚೆಲ್ಲಿಬಿಡುವ ಉತ್ಸಾಹ ಬರುತ್ತದೆ, ಆದರೆ ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಪ್ರತಿದಿನ ಹೆಚ್ಚು ಕುಡಿಯುತ್ತಿರುವವರು, ಬೆಳಿಗ್ಗೆ ಕೈನಡುಕ ತಡೆಯಲು ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ, ತಳಮಳ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ಹೊತ್ತಿಗೆ ಗೊಂದಲ, ಜ್ವರ, ಇಲ್ಲದ್ದು ಕಾಣಿಸುವುದು ಮುಂತಾದ ಲಕ್ಷಣಗಳು ಕಂಡುಬಂದರೆ ಅದು ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ವೈದ್ಯರ ನಿಗಾದಲ್ಲಿ ಕೆಲವೇ ದಿನಗಳ ಔಷಧಿ ಮತ್ತು ಬಿ1 ಜೀವಸತ್ವದೊಂದಿಗೆ ಈ ಹಂತವನ್ನು ಸುರಕ್ಷಿತವಾಗಿ ದಾಟಬಹುದು. ನೀವು ಬರೆದಿಟ್ಟ ಲೆಕ್ಕವನ್ನೂ, ತೆಗೆದುಕೊಳ್ಳುತ್ತಿರುವ ನಿದ್ರೆ ಮಾತ್ರೆ ಅಥವಾ ಖಿನ್ನತೆಯ ಮಾತ್ರೆಗಳ ಹೆಸರನ್ನೂ ವೈದ್ಯರಿಗೆ ತೋರಿಸಿ. ನಾಚಿಕೆಯಿಂದ ಪ್ರಮಾಣವನ್ನು ಅರ್ಧಕ್ಕಿಳಿಸಿ ಹೇಳಿದರೆ ಚಿಕಿತ್ಸೆಯೂ ಅರ್ಧಕ್ಕಿಳಿಯುತ್ತದೆ.

ಪೂರ್ತಿ ಬಿಡಬೇಕೆ, ಕಡಿಮೆ ಮಾಡಿದರೆ ಸಾಲದೆ? ಕೆಲವರಿಗೆ ಕಡಿಮೆ ಮಾಡುವುದು ಸಾಧ್ಯವಾಗುತ್ತದೆ. ಆದರೆ ‘ಇಂದು ಎರಡೇ’, ‘ವಾರಾಂತ್ಯದಲ್ಲಿ ಮಾತ್ರ’ ಎಂಬ ನಿಯಮಗಳನ್ನು ಹಲವು ಸಲ ಮಾಡಿ ಮುರಿದವರಿಗೆ ಪೂರ್ತಿ ಬಿಡುವುದೇ ಸುಲಭವೆಂದು ನನ್ನ ದೃಢ ಅಭಿಪ್ರಾಯ, ಏಕೆಂದರೆ ದಿನವೂ ನಡೆಯುವ ಆ ಒಳಜಗಳವೇ ನಿಂತುಹೋಗುತ್ತದೆ.

ಬಿಟ್ಟ ನಂತರ ಕಷ್ಟವಾಗುವುದು ಇಡೀ ದಿನವಲ್ಲ, ಬಹುತೇಕರಿಗೆ ದಿನದ ಒಂದು ನಿರ್ದಿಷ್ಟ ಹೊತ್ತು. ಹಲವು ಮಹಿಳೆಯರಿಗೆ ಅದು ಕಚೇರಿಯ ಕೆಲಸ ಮುಗಿದು ಮನೆಯ ಕೆಲಸ ಶುರುವಾಗುವ ಸಂಜೆ, ಅಥವಾ ಮಕ್ಕಳು ಮಲಗಿದ ಮೇಲೆ ಸಿಗುವ ಏಕೈಕ ಬಿಡುವು. ಆ ಲೋಟ ‘ಇದು ನನ್ನ ಸಮಯ’ ಎಂದು ಸಾರುವ ಕೆಲಸ ಮಾಡುತ್ತಿದ್ದರೆ, ಮದ್ಯವನ್ನು ತೆಗೆದ ಜಾಗದಲ್ಲಿ ಆ ಸಮಯವನ್ನು ಉಳಿಸಿಕೊಳ್ಳಲೇಬೇಕು. ಮನೆಗೆಲಸದಲ್ಲಿ ಬೇರೆಯವರ ಪಾಲನ್ನು ಕೇಳಿ ಪಡೆಯುವುದೂ ಕುಡಿತ ಬಿಡುವ ಕೆಲಸದ ಭಾಗವೇ. ಆ ಹೊತ್ತಿಗೆ ಮೊದಲೇ ಏನಾದರೂ ತಿನ್ನಿ, ಏಕೆಂದರೆ ಹಸಿವು ಮತ್ತು ದಣಿವು ಹಂಬಲವನ್ನು ಕೆರಳಿಸುತ್ತವೆ. ಹಂಬಲ ಏರಿದಾಗ ಅದರೊಂದಿಗೆ ವಾದಿಸುವ ಬದಲು ಅರ್ಧ ಗಂಟೆ ಮುಂದೂಡಿ, ಸ್ನಾನ ಮಾಡಿ, ನಡೆಯಲು ಹೋಗಿ, ಯಾರಿಗಾದರೂ ಫೋನ್ ಮಾಡಿ. ಸಾಮಾನ್ಯವಾಗಿ ಅದು ಅಷ್ಟರಲ್ಲಿ ಇಳಿಯುತ್ತದೆ. ಮೊದಲ ವಾರಗಳಲ್ಲಿ ನಿದ್ರೆ ಕೆಡಬಹುದು. ಮದ್ಯ ಬೇಗ ನಿದ್ರೆ ಬರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಹಾಳುಮಾಡುತ್ತಿತ್ತು. ದೇಹ ತನ್ನದೇ ನಿದ್ರೆಗೆ ಮರಳಲು ಸಮಯ ತೆಗೆದುಕೊಳ್ಳುತ್ತದೆ.

ಇತರರಿಗೆ ಏನು ಹೇಳುವುದೆಂಬ ಚಿಂತೆಗೆ ಚಿಕ್ಕ ವಾಕ್ಯವೇ ಮದ್ದು: ‘ನಾನು ಈಗ ಕುಡಿಯುವುದಿಲ್ಲ.’ ಮಾತ್ರೆ ನುಂಗುತ್ತಿದ್ದೇನೆ, ಗಾಡಿ ಓಡಿಸಬೇಕು ಎಂಬ ನೆಪಗಳು ಆ ಸಂಜೆಗೆ ಸಾಕಾಗುತ್ತವೆ, ಮುಂದಿನ ಸಂಜೆ ಹೊಸ ನೆಪ ಬೇಕಾಗುತ್ತದೆ. ಜೊತೆಗಾರ ಮನೆಯಲ್ಲೇ ಕುಡಿಯುತ್ತಿದ್ದರೆ, ಕನಿಷ್ಠ ಮೊದಲ ಕೆಲವು ತಿಂಗಳು ಬಾಟಲಿ ಕಣ್ಣೆದುರು ಇರದಂತೆ ನೋಡಿಕೊಳ್ಳಲು ಸ್ಪಷ್ಟವಾಗಿ ಕೇಳಿ. ಮನೆಯಲ್ಲಿ ಹಿಂಸೆಯಿದ್ದು, ಆ ನೋವನ್ನು ಮರೆಯಲು ಕುಡಿಯುತ್ತಿದ್ದರೆ, ವೈದ್ಯರಿಗೋ ಆಪ್ತಸಮಾಲೋಚಕರಿಗೋ ಅದನ್ನೂ ಹೇಳಿ. ಸುರಕ್ಷತೆ ಸಿಗದೆ ಕುಡಿತ ಬಿಡುವುದು ತುಂಬಾ ಕಷ್ಟ.

ಒಂದು ದಿನ ಜಾರಿ ಕುಡಿದರೆ ಹಿಂದಿನ ದಿನಗಳು ವ್ಯರ್ಥವಾಗುವುದಿಲ್ಲ. ಅಂದು ಏನಾಗಿತ್ತು ಎಂದು ಬರೆದಿಟ್ಟು, ಮರುದಿನವೇ ನಂಬಿಕೆಯ ಒಬ್ಬರಿಗೆ ತಿಳಿಸಿ. ಗುಟ್ಟಾಗಿ ಉಳಿದ ಜಾರುವಿಕೆಯೇ ಮುಂದುವರಿಯುವುದು ಹೆಚ್ಚು. ಪದೇ ಪದೇ ಹೀಗಾಗುತ್ತಿದ್ದರೆ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಗಳ ಬಗ್ಗೆ ಮನೋವೈದ್ಯರನ್ನು ಕೇಳಿ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗಲು ಸೇರುವ ಗುಂಪುಗಳೂ ಇವೆ. ಪುರುಷರೇ ತುಂಬಿದ ಅಂಥ ಸಭೆಯಲ್ಲಿ ಮಾತು ಹೊರಡದಿದ್ದರೆ ಮಹಿಳೆಯರದ್ದೇ ಗುಂಪನ್ನು ಹುಡುಕಿ. ಜೀನ್ ಕಿರ್ಕ್‌ಪ್ಯಾಟ್ರಿಕ್ 1975ರಲ್ಲಿ ಅಮೆರಿಕದಲ್ಲಿ ‘ವಿಮೆನ್ ಫಾರ್ ಸೊಬ್ರೈಟಿ’ ಎಂಬ ಮಹಿಳೆಯರ ಗುಂಪನ್ನು ಆರಂಭಿಸಿದ್ದು ಈ ಅಗತ್ಯವನ್ನು ಕಂಡೇ. ಅಂಥ ಗುಂಪುಗಳು ಇಂದು ಆನ್‌ಲೈನ್‌ನಲ್ಲೂ ಸೇರುತ್ತವೆ, ಮತ್ತು ಮೊದಲ ಸಲ ಮಾತನಾಡದೆ ಕೇಳುತ್ತ ಕುಳಿತರೂ ಸಾಕು.