ಜರ್ಮನಿಯಲ್ಲಿ ಒಂದು ಸೆಮಿಸ್ಟರ್, ಅದೂ ಅಲ್ಲಿನವರ ಮನೆಯಲ್ಲಿ: ಪುಣೆ ಕನ್ನಡಿಗ ವಿದ್ಯಾರ್ಥಿಗಳಿಗೆ

ಪುಣೆಯ ಕನ್ನಡದ ಮನೆಗಳಲ್ಲಿ ಜರ್ಮನ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಬೋಟ್ ಕ್ಲಬ್ ರೋಡಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೋ, ಫರ್ಗ್ಯುಸನ್ ಕಾಲೇಜ್ ರೋಡಿನ ರಾನಡೆ ಇನ್‌ಸ್ಟಿಟ್ಯೂಟಿಗೋ ಹೋಗಿ ಬಂದವರು ಒಬ್ಬರಾದರೂ ಸಿಗುತ್ತಾರೆ. ಹಾಗಾಗಿ ಭಾಷೆಯ ವಿಷಯ ಬಿಡೋಣ. ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೋಗಿ ಅಲ್ಲಿನವರ ಮನೆಯಲ್ಲೇ ಇರುವವರಿಗೆ ಏನೇನು ಗೊತ್ತಿರಬೇಕು ಅನ್ನುವುದಷ್ಟೇ ಇಲ್ಲಿದೆ.

ಅಲ್ಲಿ ಯೂನಿವರ್ಸಿಟಿ ಹುಡುಗರು ಸಾಮಾನ್ಯವಾಗಿ ಹಾಸ್ಟೆಲ್‌ನಲ್ಲಿ ಇರುತ್ತಾರೆ, ಇಲ್ಲವೇ ನಾಲ್ಕು ಜನ ಸೇರಿ ಫ್ಲ್ಯಾಟ್ ಹಂಚಿಕೊಳ್ಳುತ್ತಾರೆ. ಹೋಸ್ಟ್ ಫ್ಯಾಮಿಲಿ ಅನ್ನುವುದು ಹೆಚ್ಚಾಗಿ ಶಾಲಾ ಮಕ್ಕಳಿಗೆ. ಆದರೆ ಕಲೋನ್, ಮ್ಯೂನಿಕ್, ಫ್ರೈಬುರ್ಗ್‌ನಂಥ ಊರುಗಳಲ್ಲಿ 'ವೋನೆನ್ ಫ್ಯೂರ್ ಹಿಲ್ಫೆ' ಎಂಬ ವ್ಯವಸ್ಥೆ ಇದೆ. ವಯಸ್ಸಾದವರು ಅಥವಾ ಚಿಕ್ಕ ಮಕ್ಕಳಿರುವ ಮನೆಯವರು ತಮ್ಮ ಒಂದು ಕೋಣೆಯನ್ನು ವಿದ್ಯಾರ್ಥಿಗೆ ಕೊಡುತ್ತಾರೆ. ಬಾಡಿಗೆ ಬದಲು ಕೆಲಸ. ಲೆಕ್ಕ ಹೀಗೆ: ಕೋಣೆಯ ಒಂದು ಚದರ ಮೀಟರ್‌ಗೆ ತಿಂಗಳಿಗೆ ಒಂದು ಗಂಟೆ. 15 ಚದರ ಮೀಟರ್ ಕೋಣೆಯಾದರೆ ತಿಂಗಳಿಗೆ 15 ಗಂಟೆ ತೋಟದ ಕೆಲಸ, ಅಂಗಡಿಗೆ ಹೋಗುವುದು, ಮಕ್ಕಳನ್ನು ನೋಡಿಕೊಳ್ಳುವುದು, ಅಜ್ಜನಿಗೆ ಕಂಪ್ಯೂಟರ್ ಹೇಳಿಕೊಡುವುದು. ರೋಗಿಯ ಆರೈಕೆ ಇದರಲ್ಲಿ ಬರುವುದಿಲ್ಲ. ಕರೆಂಟು, ನೀರು, ಹೀಟಿಂಗ್ ಖರ್ಚು ನೀವು ಬೇರೆಯಾಗಿ ಕೊಡಬೇಕು. ನನ್ನ ಪ್ರಕಾರ ಒಂಟಿಯಾಗಿ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತು ಎಂದು ಮೊದಲೇ ಬರೆದು ಸಹಿ ಮಾಡಿಸಿಕೊಳ್ಳಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಯಿಮಾತಿನಲ್ಲಿ ಬಿಟ್ಟರೆ ಅವರಿಗೇ ಕಸಿವಿಸಿ.

ಹೊರಡುವ ಮೊದಲು ವೀಸಾ. ಮಹಾರಾಷ್ಟ್ರ, ಗೋವಾದವರು ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತಾರೆ, ಕರ್ನಾಟಕದವರು ಬೆಂಗಳೂರಿಗೆ. ನಮ್ಮಲ್ಲಿ ಎಷ್ಟೋ ಜನರ ಆಧಾರ್ ಇನ್ನೂ ಧಾರವಾಡದ್ದೋ ವಿಜಯಪುರದ್ದೋ ಆಗಿರುತ್ತದೆ, ಓದು ಮಾತ್ರ ಪುಣೆಯಲ್ಲಿ. ಅಂಥವರು ಪುಣೆಯಲ್ಲೇ ವಾಸವಿದ್ದೇವೆ ಎಂದು ತೋರಿಸಲು ಕಾಲೇಜಿನ ಪತ್ರ, ರೆಂಟ್ ಅಗ್ರಿಮೆಂಟ್ ಜೊತೆಗಿಟ್ಟುಕೊಳ್ಳಿ. ದುಡ್ಡು ಇದೆ ಎಂದು ತೋರಿಸಲು ಹೆಚ್ಚಿನವರು ಬ್ಲಾಕ್ಡ್ ಅಕೌಂಟ್ ತೆರೆಯುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಅದಕ್ಕೆ ತಿಂಗಳಿಗೆ 992 ಯೂರೋ, ಅಂದರೆ ವರ್ಷಕ್ಕೆ 11,904 ಯೂರೋ ಲೆಕ್ಕ. ಒಳಗೆ ಹಾಕಿದ ದುಡ್ಡು ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಕಂತಿನಲ್ಲಿ ಸಿಗುತ್ತದೆ. ಒಟ್ಟಿಗೆ ತೆಗೆಯಲು ಆಗುವುದಿಲ್ಲ, ಹಾಗಾಗಿ ಮೊದಲ ಕೆಲವು ವಾರಗಳಿಗೆ ಕೈಯಲ್ಲಿ ಬೇರೆ ದುಡ್ಡು ಬೇಕು.

ತಲುಪಿದ ಮೇಲೆ ಎಲ್ಲವೂ ನಿಂತಿರುವುದು ಒಂದೇ ಕಾಗದದ ಮೇಲೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ 'ಇವರು ನಮ್ಮ ಮನೆಯಲ್ಲಿ ಇದ್ದಾರೆ' ಎಂದು ಮನೆ ಕೊಟ್ಟವರು ಸಹಿ ಮಾಡಿದ ಫಾರ್ಮ್ ಬೇಕು. ಬ್ಯಾಂಕು, ವಾಸದ ಪರವಾನಗಿ, ಟ್ಯಾಕ್ಸ್ ನಂಬರ್ ಎಲ್ಲಕ್ಕೂ ಈ ನೋಂದಣಿಯನ್ನೇ ಕೇಳುತ್ತಾರೆ. ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲೇ ಮನೆಯವರನ್ನು ನೇರವಾಗಿ ಕೇಳಿ: ಈ ಫಾರ್ಮ್‌ಗೆ ಸಹಿ ಮಾಡುತ್ತೀರಾ? ತಡವರಿಸಿದರೆ ಬೇರೆ ಮನೆ ನೋಡಿ. ನೋಂದಣಿಯಾದ ಸ್ವಲ್ಪ ದಿನಕ್ಕೆ ರೇಡಿಯೋ, ಟಿವಿ ಶುಲ್ಕ ಕಟ್ಟಿ ಎಂದು ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಬರುತ್ತದೆ. ಹೆದರಬೇಡಿ, ಅದು ಮನೆಗೊಂದು ಶುಲ್ಕ. ಮನೆಯವರು ಕಟ್ಟುತ್ತಿದ್ದರೆ ಆ ಶುಲ್ಕದ ಖಾತೆಯ ಅವರ ನಂಬರ್ ಬರೆದು ಉತ್ತರ ಕಳಿಸಿ, ಮುಗಿಯಿತು. ಸುಮ್ನೆ ಡ್ರಾಯರ್‌ನಲ್ಲಿ ಹಾಕಿಟ್ಟರೆ ಮಾತ್ರ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಇನ್ನು ಮನೆಯೊಳಗಿನ ಬದುಕು. ಸದಾಶಿವ ಪೇಠೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬೇಡಿ ಎಂಬ ಬೋರ್ಡ್ ನೋಡಿದವರಿಗೆ ಜರ್ಮನಿ ಅಷ್ಟೇನೂ ಹೊಸದಲ್ಲ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಲಾಟೆ ಕೂಡದು, ಭಾನುವಾರ ಇಡೀ ದಿನ ಡ್ರಿಲ್ಲಿಂಗು ಕೂಡದು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಅಕ್ಕಿ ಬೇಳೆ ಶನಿವಾರವೇ ತಂದಿಡಿ. ರಾತ್ರಿ ಊಟವೆಂದರೆ ಹಲವು ಮನೆಗಳಲ್ಲಿ ತಣ್ಣನೆ ಬ್ರೆಡ್ಡು, ಚೀಸು ಅಷ್ಟೇ. ಬಿಸಿ ಅನ್ನ ಸಾರು ಬೇಕಿದ್ದರೆ ಅಡುಗೆಮನೆ ಯಾವ ಹೊತ್ತಿಗೆ ನಿಮ್ಮದು ಎಂದು ಕೇಳಿಕೊಳ್ಳಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಬಾಗಿಲು ಮುಚ್ಚಿ. ಮಲಗುವ ಕೋಣೆ, ಪ್ಯಾಸೇಜುಗಳಲ್ಲಿ ಸ್ಮೋಕ್ ಅಲಾರಂ ಕಡ್ಡಾಯ, ಒಣಮೆಣಸಿನಕಾಯಿ ಹೊಗೆಯನ್ನು ಅದು ಬೆಂಕಿ ಎಂದೇ ತಿಳಿಯುತ್ತದೆ. ಸಸ್ಯಾಹಾರಿಗಳಾದರೆ ಮೀನು, ಜೆಲಟಿನ್ ಕೂಡ ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಿ. ನಮ್ಮಲ್ಲಿ 'ಬೇಡ ಬೇಡ' ಅಂದರೂ ಇನ್ನೊಂದು ಚಪಾತಿ ತಟ್ಟೆಗೆ ಬೀಳುತ್ತದೆ ಅಲ್ವಾ? ಅಲ್ಲಿ ಒಮ್ಮೆ ಬೇಡ ಅಂದರೆ ಮುಗಿಯಿತು, ಪಾತ್ರೆ ಪಕ್ಕದವರ ಕಡೆಗೆ ಹೋಗುತ್ತದೆ. ಹಸಿವಿದ್ದರೆ ಹೂಂ ಅನ್ನಿ.

ಕಸ ಬೇರೆ ಮಾಡುವುದು ಮೊದಲ ದಿನವೇ ಕಲಿಯಿರಿ. ಕಾಗದ, ಪ್ಯಾಕಿಂಗ್, ಹಸಿ ಕಸ, ಉಳಿದದ್ದು, ಒಂದೊಂದಕ್ಕೂ ಬೇರೆ ಡಬ್ಬಿ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ 25 ಸೆಂಟ್ ವಾಪಸ್.

ಓದಿನ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. 1.0 ಅತ್ಯುತ್ತಮ, 4.0 ಪಾಸ್, 5.0 ಫೇಲ್. ಸೆಮಿಸ್ಟರ್‌ಗೆ 30 ಕ್ರೆಡಿಟ್ ಪೂರ್ತಿ ಹೊರೆ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂದು ನಿಮ್ಮ ಕಾಲೇಜಿನವರಿಂದ ಹೋಗುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್ ಮಾಡಿಸಿ. ಕ್ಲಾಸಿಗೆ ಹೆಸರು ಕೊಟ್ಟರೆ ಸಾಲದು, ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಬೇಕು. ಗಡುವು ದಾಟಿದರೆ ಕೂರಿಸುವುದು ಕಷ್ಟ. ದೊಡ್ಡ ತಲೆನೋವು ತಾರೀಖಿನದು. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಮುಗಿಯುವುದೇ ಫೆಬ್ರವರಿಯಲ್ಲಿ, ಪರೀಕ್ಷೆ ಕೆಲವೊಮ್ಮೆ ಅದರ ನಂತರ. ಅಷ್ಟರಲ್ಲಿ ಪುಣೆಯಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ, ಹಾಜರಾತಿಯ ವಿನಾಯಿತಿಯನ್ನು ಲಿಖಿತವಾಗಿ ಪಡೆಯದೆ ಹೊರಡಬೇಡಿ.

ವಾಪಸ್ ಬರುವಾಗ ವಿಳಾಸದ ನೋಂದಣಿ ರದ್ದು ಮಾಡಿಸಬೇಕು. ಮನೆ ಬಿಡುವ ಒಂದು ವಾರ ಮೊದಲಿನಿಂದ ಎರಡು ವಾರದ ನಂತರದವರೆಗೆ ಅವಕಾಶವಿದೆ, ಆದರೆ ವಿಮಾನ ಹತ್ತುವ ಮುಂಚೆ ಮುಗಿಸಿ. ಆ ರಸೀದಿ ಇದ್ದರೆ ಇನ್ಶೂರೆನ್ಸ್, ಬ್ಲಾಕ್ಡ್ ಅಕೌಂಟ್ ಮುಚ್ಚಿಸುವುದು ಸುಲಭ. ಜರ್ಮನಿ ಟಿಕೆಟ್ ಎಂಬ ಬಸ್ಸು, ರೈಲಿನ ತಿಂಗಳ ಪಾಸ್ ತೆಗೆದುಕೊಂಡಿದ್ದರೆ ಅದು ತಾನಾಗಿ ನಿಲ್ಲುವುದಿಲ್ಲ, ಕೊನೆಯ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ.