ಕೊಲೊರಾಡೊ ಮಳೆಗೆ ಮಲೆನಾಡಿನ ಲೆಕ್ಕ ಬೇಡ

ತೀರ್ಥಹಳ್ಳಿಗೆ ಬಂದು ವಾರವಾಯಿತು. ಅಡಕೆಗೆ ಕೊಳೆ ಔಷಧಿ ಹೊಡೆಸಲು ಒಂದು ದಿನ ಹೊಳವಾದರೆ ಸಾಕು ಅಂತ ಅಣ್ಣ ಆಕಾಶ ನೋಡುತ್ತಾ ಕೂತಿದ್ದಾನೆ. ಅವನ ಮಗಳು ಮುಂದಿನ ತಿಂಗಳು ಓದಲು ಅಮೆರಿಕದ ಕೊಲೊರಾಡೊ ರಾಜ್ಯಕ್ಕೆ ಹೊರಟಿದ್ದಾಳೆ. "ಅಲ್ಲಿ ಮಳೆಯೇ ಇಲ್ವಂತಲ್ಲ ಚಿಕ್ಕಪ್ಪ" ಅಂದಳು. ಅವಳಿಗೆ ಹೇಳಿದ್ದನ್ನೇ ಅಲ್ಲಿರುವ ನಮ್ಮವರಿಗೂ ಬರೆಯುತ್ತಿದ್ದೇನೆ.

ಅಲ್ಲಿನ ರಾಜಧಾನಿ ಡೆನ್ವರ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 15 ಇಂಚು ಮಾತ್ರ. ಜುಲೈನಲ್ಲಿ ಆಗುಂಬೆಗೆ ಅಷ್ಟು ಬರಲು ನಾಲ್ಕೈದು ದಿನ ಸಾಕು. ಆದರೆ ನಮ್ಮ ಹೊಳೆ ಹೊತ್ತು ತಗೊಂಡು ಏರುತ್ತದೆ. ಹೊಳೆ ನಡುವಿನ ರಾಮಮಂಟಪ ಎಷ್ಟು ಮುಳುಗಿತು ಅಂತ ಸೇತುವೆ ಮೇಲೆ ನಿಂತು ನೋಡುತ್ತೇವೆ, ಅಲ್ವಾ? ಅಲ್ಲಿ ಹಾಗೆ ನಿಂತು ನೋಡುವಷ್ಟು ಸಮಯ ಸಿಗುವುದಿಲ್ಲ. ಮಳೆಗೆ ಹೆದರದ ನಮ್ಮ ಅಭ್ಯಾಸವೇ ಅಲ್ಲಿ ಅಪಾಯ.

ಬೇಸಿಗೆಯಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ರಾಕಿ ಪರ್ವತದ ಮೇಲೆ ಹೂಕೋಸಿನಂಥ ಮೋಡ ಏಳುತ್ತದೆ. ಅದು ಬೆಟ್ಟದ ಬುಡಕ್ಕೆ ಬಂದು, ಸಂಜೆಯೊಳಗೆ ಪೂರ್ವದ ಬಯಲಿಗೆ ಇಳಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ದಕ್ಷಿಣದಿಂದ ತೇವ ಬರುವುದಕ್ಕೆ ಅಲ್ಲಿಯವರೂ ಮಾನ್ಸೂನ್ ಅಂತಲೇ ಅನ್ನುತ್ತಾರೆ.

ಮುನ್ಸೂಚನೆ ಕೊಡುವುದು ಸರ್ಕಾರದ ನ್ಯಾಷನಲ್ ವೆದರ್ ಸರ್ವಿಸ್. ಡೆನ್ವರ್ ಭಾಗದ ಕಚೇರಿ ಬೌಲ್ಡರ್‌ನಲ್ಲಿದೆ. ಅವರ ವೆಬ್‌ಸೈಟಿನ ನಕ್ಷೆಯಲ್ಲಿ ನೀವು ಹೋಗುವ ಜಾಗವನ್ನೇ ಒತ್ತಿ. ಮನೆಯ ಮುನ್ಸೂಚನೆ ಬೆಟ್ಟಕ್ಕೆ ಹೊಂದುವುದಿಲ್ಲ. ಮಳೆ ಸಾಧ್ಯತೆ 30% ಅಂತಿದ್ದರೆ, ಆ ಜಾಗದಲ್ಲಿ ಕನಿಷ್ಠ 0.01 ಇಂಚು ಬೀಳುವ ಸಾಧ್ಯತೆ ಅಷ್ಟು ಅಂತ ಅರ್ಥ. ಎಷ್ಟು ಜೋರು ಅನ್ನುವುದು ಆ ಅಂಕಿಯಲ್ಲಿ ಇರುವುದೇ ಇಲ್ಲ.

ಎಚ್ಚರಿಕೆಯ ಬಣ್ಣದಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಇಲ್ಲಿ ಹಸಿರು ಅಂದರೆ ಎಚ್ಚರಿಕೆ ಇಲ್ಲ. ಆರೆಂಜ್ ಅಲರ್ಟ್ ಅಂದರೆ ಡಿಸಿ ಶಾಲೆಗೆ ರಜೆ ಕೊಡುತ್ತಾರಾ ಅಂತ ಕಾಯುತ್ತೇವೆ. ಅಲ್ಲಿ ಒಕ್ಲಹೋಮಾದ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ (ಬಿರುಮಳೆ ಮುನ್ಸೂಚನೆ ಕೇಂದ್ರ) ನಕ್ಷೆಯಲ್ಲಿ ತಿಳಿಹಸಿರು ಇದ್ದರೂ ಗುಡುಗು ಸಿಡಿಲು ಇದೆ ಅಂತಲೇ. ಅದರ ಮೇಲೆ ಗಾಢ ಹಸಿರು, ಹಳದಿ, ಕಿತ್ತಳೆ, ಕೆಂಪು, ಮಜೆಂಟಾ ಅಂತ ಅಪಾಯ ಏರುತ್ತಾ ಹೋಗುವ ಐದು ಹಂತ.

ಇನ್ನು ಎರಡು ಪದ. 'ವಾಚ್' ಅಂದರೆ ಬಿರುಮಳೆಗೆ ಬೇಕಾದ್ದೆಲ್ಲ ಕೂಡಿದೆ, ಕಣ್ಣಿಟ್ಟಿರಿ. 'ವಾರ್ನಿಂಗ್' ಅಂದರೆ ಬಂದಾಯಿತು ಅಥವಾ ಇನ್ನೇನು ಬರಲಿದೆ, ತಕ್ಷಣ ಒಳಗೆ ನಡೆಯಿರಿ. ಒಂದು ಇಂಚಿನ ಆಲಿಕಲ್ಲು ಅಥವಾ ಗಂಟೆಗೆ 58 ಮೈಲಿ, ಅಂದರೆ ಸುಮಾರು 93 ಕಿ.ಮೀ. ಗಾಳಿ ಇದ್ದರೆ ಆ ಗುಡುಗು ಮಳೆಯನ್ನು 'ಸಿವಿಯರ್', ಅಂದರೆ ತೀವ್ರ, ಅನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್‌ನ ಆಲಿಕಲ್ಲನ್ನು ಮಕ್ಕಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ನೆಲ್ಲಿಕಾಯಿ ಗಾತ್ರದ್ದು ಬಿದ್ದು ನನ್ನ ಕಾರಿನ ಬಾನೆಟ್ ತುಂಬಾ ಗುಳಿ ಬಿದ್ದಿತ್ತು. 2017ರ ಮೇ 8ರಂದು ಡೆನ್ವರ್‌ನಲ್ಲಿ ಬಿದ್ದ ಆಲಿಕಲ್ಲಿನ ನಷ್ಟ 200 ಕೋಟಿ ಡಾಲರ್ ದಾಟಿತ್ತು. ಕಾರಿಗೆ ಬರೀ ಲಯಬಿಲಿಟಿ (ಎದುರಿನವರ ನಷ್ಟಕ್ಕೆ ಮಾತ್ರ ಕೊಡುವ) ವಿಮೆ ಮಾಡಿಸಿದರೆ ಇದಕ್ಕೆ ದುಡ್ಡು ಬರುವುದಿಲ್ಲ, ನಮ್ಮ ಕಾರಿನ ಇಂಥ ನಷ್ಟಕ್ಕೂ ಕೊಡುವ ಕಾಂಪ್ರಹೆನ್ಸಿವ್ ಬೇಕು.

ನನಗೆ ನಿಜವಾಗಿ ಭಯ ಇರುವುದು ಬೆಟ್ಟದ ಕಣಿವೆ ರಸ್ತೆಗಳದ್ದು. 1976ರ ಜುಲೈ 31ರ ಸಂಜೆ ಬಿಗ್ ಥಾಂಪ್ಸನ್ ಕಣಿವೆಯ ಮೇಲ್ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 12 ಇಂಚು ಸುರಿಯಿತು. 140ಕ್ಕೂ ಹೆಚ್ಚು ಜನ ಹೋದರು. ತಲೆ ಮೇಲೆ ಹನಿ ಬೀಳದಿದ್ದರೂ ಮೇಲಿನಿಂದ ನೀರು ಬರುತ್ತದೆ. ಆಮೇಲೆ ಅಲ್ಲಿನ ಕಣಿವೆಗಳಲ್ಲಿ ಫಲಕ ಹಾಕಿದ್ದಾರೆ: ಪ್ರವಾಹ ಬಂದರೆ ಮೇಲಕ್ಕೆ ಹತ್ತಿ. ಕಾರಿನಲ್ಲಿ ಓಡಿಸಿಕೊಂಡು ಪಾರಾಗಲು ನೋಡಬೇಡಿ, ಬಿಟ್ಟು ಗುಡ್ಡ ಹತ್ತಿ. ಕಾಡ್ಗಿಚ್ಚು ಸುಟ್ಟ ಗುಡ್ಡಗಳಲ್ಲಿ ಇನ್ನೂ ಕಷ್ಟ, ಮಣ್ಣು ನೀರು ಕುಡಿಯುವುದಿಲ್ಲ. 2020ರಲ್ಲಿ ಕ್ಯಾಮರಾನ್ ಪೀಕ್ ಬೆಟ್ಟದ ಸುತ್ತಿನ ಕಾಡು ಸುಟ್ಟಿತು. ಮರುವರ್ಷ ಜುಲೈನಲ್ಲೇ ಅಲ್ಲಿನ ಪೂಡರ್ ಕಣಿವೆಯಲ್ಲಿ ಮಣ್ಣುನೀರು ಮನೆಗಳನ್ನು ಎಳೆದುಕೊಂಡು ಹೋಯಿತು.

ವಾರ್ನಿಂಗ್ ಬಂದರೆ ಫೋನ್ ಕೂಗುತ್ತದೆ ಅಂತ ಸುಮ್ನೆ ಕೂರಬೇಡಿ. ಗುಡುಗು ಮಳೆಯ ವಾರ್ನಿಂಗ್‌ನಲ್ಲಿ ತೀರಾ ಜೋರಿನದ್ದಕ್ಕೆ ಮಾತ್ರ ಎಲ್ಲ ಫೋನೂ ಕೂಗುತ್ತವೆ. ಕಣಿವೆಯಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ. ಹೊರಡುವ ಮೊದಲೇ ಮುನ್ಸೂಚನೆ ನೋಡಿಕೊಳ್ಳಿ. ಚಾರಣಕ್ಕೆ ಕತ್ತಲಿರುವಾಗಲೇ ಹೊರಟು ಮಧ್ಯಾಹ್ನದೊಳಗೆ ಕೆಳಗಿಳಿಯಿರಿ. ಗುಡುಗು ಕೇಳಿದರೆ ಒಳಗೆ ಹೋಗಿ, ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರಬೇಡಿ.