ಟ್ರೆಡ್‌ಮಿಲ್ ಮೇಲೆ ಬಿಪಿ ಇಳಿದಾಗ

ಹೃದಯದ ಆಸ್ಪತ್ರೆಯೊಂದರ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಕೋಣೆಯಲ್ಲಿ ನಾನು ಟೆಕ್ನಿಷಿಯನ್. ಎಲ್ಲರ ಕಣ್ಣೂ ಇಸಿಜಿ ಪರದೆ ಮೇಲಿರುತ್ತದೆ. ನನ್ನ ಕಿವಿ ಮಾತ್ರ ಸ್ಟೆತಸ್ಕೋಪಿನಲ್ಲಿ.

ನಮ್ಮಲ್ಲಿ ನಡೆಸುವ ಕ್ರಮ ಬ್ರೂಸ್ ಪ್ರೊಟೊಕಾಲ್. 3 ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಜಾಸ್ತಿಯಾಗುತ್ತವೆ. ನಡಿಗೆ ಬಿರುಸಾದಂತೆ ಮೇಲಿನ ಬಿಪಿ ಏರಬೇಕು. ಕೆಳಗಿನದು ಇದ್ದಲ್ಲೇ ಇದ್ದರೂ, ಸ್ವಲ್ಪ ಇಳಿದರೂ ಸರಿ.

ನಡೆಯುವವರ ಬಿಪಿಯನ್ನು ನಾನು ಕೈಯಲ್ಲೇ ನೋಡುತ್ತೇನೆ. ಬೆಲ್ಟಿನ ಸದ್ದು, ತೋಳಿನ ಅಲುಗಾಟಕ್ಕೆ ಯಂತ್ರ ತಪ್ಪು ತೋರಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮೊದಲೇ ಮೊಣಕೈ ಮಡಿಕೆಯಲ್ಲಿ ನಾಡಿ ಹುಡುಕಿ ಪೆನ್ನಿನಿಂದ ಗುರುತು ಹಾಕುತ್ತೇನೆ. ಕಫ್ ಜಾರದಂತೆ ಟೇಪ್ ಸುತ್ತುತ್ತೇನೆ. ಪ್ರತಿ ಹಂತದ ಕೊನೆಯ ನಿಮಿಷದಲ್ಲಿ ಆ ಕೈಯನ್ನು ಕಂಬಿಯಿಂದ ಬಿಡಿಸಿ, ಎದೆಯ ಮಟ್ಟಕ್ಕೆ ಹಿಡಿದು ಕೇಳುತ್ತೇನೆ. ಕಂಬಿ ಬಿಗಿಯಾಗಿ ಹಿಡಿದ ಕೈಯಲ್ಲಿ ಸರಿಯಾದ ಅಂಕಿ ಸಿಗುವುದಿಲ್ಲ.

ಒಮ್ಮೆ ಐವತ್ತು ದಾಟಿದ ರೈತರೊಬ್ಬರು ಬಂದಿದ್ದರು. ನಿಂತಾಗ ಮೇಲಿನ ಬಿಪಿ 130. ಮೊದಲ ಹಂತದಲ್ಲಿ 152, ಎರಡನೆಯದರಲ್ಲಿ 170. ಮೂರನೆಯದರಲ್ಲಿ 148! ನನ್ನ ಕಿವಿಯೇ ತಪ್ಪಿರಬೇಕು ಅಂದುಕೊಂಡು ತಕ್ಷಣ ಮತ್ತೆ ನೋಡಿದೆ. 144.

"ಎದೆ ನೋವಿದೆಯಾ ಯಜಮಾನ್ರೇ?"

"ಏನೂ ಇಲ್ಲಮ್ಮ, ಇನ್ನೂ ನಡೀತೀನಿ."

ಹೃದಯಕ್ಕೆ ರಕ್ತ ಸಾಲದಿದ್ದರೆ ಸಾಮಾನ್ಯವಾಗಿ ಇಳಿಯುವ ಇಸಿಜಿ ಗೆರೆ ಇನ್ನೂ ಒಂದು ಮಿ.ಮೀ. ಕೂಡ ಇಳಿದಿರಲಿಲ್ಲ. ಆದರೆ ಹಣೆ ತಣ್ಣಗೆ ಬೆವರಿತ್ತು. ಪಕ್ಕದಲ್ಲಿದ್ದ ಡಾಕ್ಟರಿಗೆ ಹೇಳಿದೆ. ಅವರು ತಕ್ಷಣ ನಿಲ್ಲಿಸಿ ಮಲಗಿಸಿದರು. ಗೆರೆ ಚೆನ್ನಾಗಿ ಕುಸಿದದ್ದು ಆಮೇಲೆ, ಮಲಗಿದ ಮೇಲೆ. ಆಂಜಿಯೋಗ್ರಾಮ್‌ನಲ್ಲಿ ಲೆಫ್ಟ್ ಮೇನ್‌ನಲ್ಲೇ, ಅಂದರೆ ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳದಲ್ಲೇ, ದೊಡ್ಡ ಬ್ಲಾಕ್ ಕಂಡಿತು.

ನಡೆಯುವಾಗ ಕಾಲಿನ ರಕ್ತನಾಳಗಳು ಅಗಲವಾಗುತ್ತವೆ. ಹೃದಯ ಅದಕ್ಕೆ ತಕ್ಕಂತೆ ಜಾಸ್ತಿ ರಕ್ತ ತಳ್ಳಬೇಕು. ಹೃದಯದ ದೊಡ್ಡ ಭಾಗಕ್ಕೇ ರಕ್ತ ಸಾಲದಿದ್ದರೆ ಎಲ್ಲಿಂದ ತಳ್ಳೀತು, ಅಲ್ವಾ? ಬಿಪಿ ಬೀಳುತ್ತದೆ.

ಹಾಗಂತ ಇಳಿದದ್ದೆಲ್ಲ ಬ್ಲಾಕ್ ಅಲ್ಲ. ಬಿಪಿ ಮಾತ್ರೆಯಿಂದಲೂ, ಮೈಯಲ್ಲಿ ನೀರು ಕಡಿಮೆಯಾದಾಗಲೂ ಇಳಿಯಬಹುದು. ಹೆದರಿ ಬಂದವರಿಗೆ ಶುರುವಲ್ಲೇ 160 ಇದ್ದು, ನಡೆಯತೊಡಗಿದ ಮೇಲೆ 145ಕ್ಕೆ ಬಂದರೆ ಅದು ಹೆದರಿಕೆ ಇಳಿದದ್ದೂ ಆಗಿರಬಹುದು. ಅದಕ್ಕೇ ಬೆಲ್ಟ್ ಶುರು ಮಾಡುವ ಮುಂಚೆ ಎರಡು ನಿಮಿಷ ಸುಮ್ನೆ ನಿಲ್ಲಿಸಿ, ಊರು, ಮಳೆ, ಬೆಳೆ ಅಂತ ಮಾತಾಡಿಸಿ, ಆಮೇಲೆ ನೋಡಿದ ಬಿಪಿಯನ್ನೇ ಮೊದಲ ಅಂಕಿಯಾಗಿ ಬರೆದುಕೊಳ್ಳುತ್ತೇನೆ.